ಯೇಸು, ಕ್ರಿಸ್ತ, ಕರ್ತ: ಈ ಹೆಸರುಗಳ ಒಳಗೆ ಏನಿದೆ?

ಬಹಳ ದಿನ ನಾನು 'ಯೇಸು ಕ್ರಿಸ್ತ' ಅನ್ನುವುದನ್ನು ಒಂದೇ ಹೆಸರು ಅಂದುಕೊಂಡಿದ್ದೆ. ಯೇಸು ಹೆಸರು, ಕ್ರಿಸ್ತ ಮನೆತನದ ಹೆಸರು ಅನ್ನೋ ಹಾಗೆ. ಆದರೆ ಮೊದಲನೆಯದು ಹುಟ್ಟಿದಾಗ ಇಟ್ಟ ಹೆಸರು, ಎರಡನೆಯದು ಬಿರುದು. ಇದು ತಿಳಿದ ಮೇಲೆ ನಾನು ಸುವಾರ್ತೆ ಓದುವ ರೀತಿಯೇ ಬದಲಾಯಿತು.

ಮೊದಲು 'ಯೇಸು'. ಹೀಬ್ರೂ ಭಾಷೆಯ ಯೆಹೋಶುವ, ಅದರ ಮೊಟಕು ರೂಪ ಯೇಶುವ. ಸುವಾರ್ತೆಗಳನ್ನು ಬರೆದ ಗ್ರೀಕಿನಲ್ಲಿ 'ಶ' ಇಲ್ಲ, ಹಾಗಾಗಿ ಯೇಸೂಸ್ ಆಯಿತು. ಅರ್ಥ, 'ಯೆಹೋವನು (ಹೀಬ್ರೂ ಬೈಬಲಿನಲ್ಲಿ ದೇವರ ಹೆಸರು) ರಕ್ಷಿಸುತ್ತಾನೆ'. ಮೋಶೆಯ ನಂತರ ಜನರನ್ನು ಯೊರ್ದನ್ ದಾಟಿಸಿದ ಯೆಹೋಶುವನ ಹೆಸರೂ ಇದೇ. ಈಗ ಮತ್ತಾಯ 1:21 ತೆಗೆದು ನೋಡಿ. ಮಗುವಿಗೆ ಯೇಸು ಅಂತ ಹೆಸರಿಡು ಎಂದ ದೇವದೂತ ಕಾರಣವನ್ನೂ ಹೇಳುತ್ತಾನೆ: ಆತನೇ ತನ್ನ ಜನರನ್ನು ಪಾಪಗಳಿಂದ ರಕ್ಷಿಸುವನು. ಕನ್ನಡದಲ್ಲಿ ಸುಮ್ನೆ ಓದಿಕೊಂಡು ಹೋದರೆ ಹೆಸರಿಗೂ ಕಾರಣಕ್ಕೂ ಏನು ನಂಟು ಅಂತ ಗೊತ್ತಾಗುವುದಿಲ್ಲ. ಹೀಬ್ರೂ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. ಇನ್ನೊಂದು ವಿಷಯ: ಹೆಸರಿನಲ್ಲಿ ರಕ್ಷಿಸುವವನು ಯೆಹೋವ, ವಚನದಲ್ಲಿ ರಕ್ಷಿಸುವವನು ಆ ಮಗು. ನನ್ನ ಮಟ್ಟಿಗೆ ಆ ಅಧ್ಯಾಯದ ತಿರುಳೇ ಇದು.

ಆ ಕಾಲಕ್ಕೆ ಇದು ತೀರಾ ಸಾಮಾನ್ಯ ಹೆಸರು. ಕೊಲೊಸ್ಸೆ 4:11ರಲ್ಲಿ ಯೂಸ್ತ ಅನ್ನಿಸಿಕೊಂಡ ಇನ್ನೊಬ್ಬ ಯೇಸು ಬರುತ್ತಾನೆ. ಮತ್ತಾಯ 27ರ ಕೆಲವು ಹಸ್ತಪ್ರತಿಗಳಲ್ಲಿ, ಯೇಸುವಿನ ಬದಲು ಬಿಡುಗಡೆಯಾದ ಸೆರೆಯಾಳು ಬರಬ್ಬನ ಹೆಸರೂ 'ಯೇಸು ಬರಬ್ಬ' ಅಂತಲೇ ಇದೆ. ಬರ್-ಅಬ್ಬ ಅಂದರೆ ಅರಾಮಿಕ್‌ನಲ್ಲಿ 'ತಂದೆಯ ಮಗ'. ಆ ಪ್ರತಿಗಳ ಪ್ರಕಾರ ರೋಮನ್ ಅಧಿಪತಿ ಪಿಲಾತನ ಮುಂದೆ ಇಬ್ಬರು ಯೇಸುಗಳಿದ್ದಾರೆ. ಯಾವ ಯೇಸು ಅಂತ ಗುರುತಿಸಲು ಅವನು 'ಕ್ರಿಸ್ತನೆನಿಸಿಕೊಳ್ಳುವ ಯೇಸು' ಎನ್ನಬೇಕಾಗುತ್ತದೆ.

'ಕ್ರಿಸ್ತ' ಗ್ರೀಕ್ ಪದ, 'ಮೆಸ್ಸೀಯ' ಹೀಬ್ರೂ ಮೂಲದ್ದು. ಎರಡಕ್ಕೂ ಅರ್ಥ ಒಂದೇ: ಅಭಿಷೇಕ ಹೊಂದಿದವನು, ಅಂದರೆ ತಲೆಗೆ ಎಣ್ಣೆ ಹೊಯ್ಯಿಸಿಕೊಂಡವನು. 1 ಸಮುವೇಲ 16ರಲ್ಲಿ ಸಮುವೇಲ ಕೊಂಬಿನಲ್ಲಿ ಎಣ್ಣೆ ತಂದು, ಕುರಿ ಕಾಯುತ್ತಿದ್ದ ದಾವೀದನನ್ನು ಕರೆಸಿ, ಅಣ್ಣಂದಿರ ಎದುರಿಗೇ ಅಭಿಷೇಕ ಮಾಡುತ್ತಾನೆ. ರಾಜರಿಗೂ ಯಾಜಕರಿಗೂ ಹೀಗೆ ಮಾಡುತ್ತಿದ್ದರು. ಮಾರ್ಕ 8:29ರಲ್ಲಿ ಶಿಷ್ಯ ಪೇತ್ರ ಯೇಸುವಿಗೆ "ನೀನು ಕ್ರಿಸ್ತನು" ಅನ್ನುತ್ತಾನಲ್ಲ, ಅದು ಮನೆತನದ ಹೆಸರಾಗಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ? ನಾವು ಕಾಯುತ್ತಿದ್ದ ಅರಸ ನೀನೇ ಅಂತ ಅವನು ಹೇಳುತ್ತಿದ್ದಾನೆ.

'ಕರ್ತ' ಸ್ವಲ್ಪ ನಿಧಾನವಾಗಿ ನೋಡಬೇಕಾದ ಪದ. ಹೀಬ್ರೂವಿನಲ್ಲಿ ದೇವರ ಹೆಸರನ್ನು (ನಮ್ಮ ಬೈಬಲಿನ 'ಯೆಹೋವ') ನಾಲ್ಕು ವ್ಯಂಜನಗಳಲ್ಲಿ ಬರೆಯುತ್ತಾರೆ. ಯೆಹೂದ್ಯರು ಗೌರವದಿಂದ ಅದನ್ನು ಉಚ್ಚರಿಸದೆ 'ಅದೋನಾಯ್', ಅಂದರೆ 'ನನ್ನ ಒಡೆಯ' ಎಂದು ಓದುವ ರೂಢಿ ಬಂತು. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಆ ಜಾಗಕ್ಕೆ 'ಕೂರಿಯೋಸ್' ಬಂತು. ಅಪೊಸ್ತಲ ಪೌಲ ತನ್ನ ಪತ್ರಗಳಲ್ಲಿ ಯೇಸುವಿಗೆ ಬಳಸುವುದೂ ಇದೇ ಪದ, ಕನ್ನಡದಲ್ಲಿ 'ಕರ್ತ'. ಯೋವೇಲ 2:32ರಲ್ಲಿ ಯೆಹೋವನ ಹೆಸರು ಹೇಳಿಕೊಳ್ಳುವವರಿಗೆ ರಕ್ಷಣೆ ಅಂತಿದೆ. ರೋಮಾಪುರದವರಿಗೆ ಬರೆಯುವಾಗ ಪೌಲ ಅದನ್ನೇ ಯೇಸುವಿಗೆ ಹೇಳುತ್ತಾನೆ (10:13). ನಮ್ಮ ಅನುವಾದದಲ್ಲಿ ಅಲ್ಲಿ 'ಯೆಹೋವ', ಇಲ್ಲಿ 'ಕರ್ತ' ಅಂತ ಇರುವುದರಿಂದ ಕೊಂಡಿ ಕಾಣುವುದಿಲ್ಲ. ಎರಡೂ ಪುಟಗಳನ್ನು ಒಟ್ಟಿಗೆ ತೆರೆದಿಟ್ಟು ಓದಿ.

'ಇಮ್ಮಾನುವೇಲ್' ಅಂದರೆ 'ದೇವರು ನಮ್ಮ ಸಂಗಡ'. ಮತ್ತಾಯನ ಮೊದಲ ಅಧ್ಯಾಯದಲ್ಲಿ ಯೇಸುವಿಗೆ ಈ ಹೆಸರು, ಕೊನೆಯ ವಚನದಲ್ಲಿ ಯೇಸುವಿನ ಬಾಯಲ್ಲೇ "ನಾನು ನಿಮ್ಮ ಸಂಗಡ ಇರುತ್ತೇನೆ".

ಕೊನೆಗೆ 'ಅಬ್ಬಾ', ಅರಾಮಿಕ್‌ನಲ್ಲಿ 'ತಂದೆ'. ನಮ್ಮ 'ಅಪ್ಪಾ'ಗೆ ಎಷ್ಟು ಹತ್ತಿರ! ಭಾಷೆಗಳಿಗೆ ನಂಟಿಲ್ಲ, ದನಿ ಮಾತ್ರ ಒಂದೇ. ಇದು ಪುಟ್ಟ ಮಕ್ಕಳ ತೊದಲು ಮಾತು ಅಂತ ಕೆಲವರು ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ಬೆಳೆದ ಮಕ್ಕಳೂ ತಂದೆಯನ್ನು ಹೀಗೇ ಕರೆಯುತ್ತಿದ್ದರು. ಗೆತ್ಸೇಮನೆಯಲ್ಲಿ, ಬಂಧನಕ್ಕೆ ಸ್ವಲ್ಪ ಮುಂಚೆ, ಯೇಸು ದೇವರನ್ನು ಕರೆದದ್ದು ಹೀಗೆ (ಮಾರ್ಕ 14:36). ಪೌಲ ಗಲಾತ್ಯದವರಿಗೆ ಗ್ರೀಕಿನಲ್ಲಿ ಪತ್ರ ಬರೆಯುವಾಗಲೂ ಈ ಒಂದು ಪದವನ್ನು ಅರಾಮಿಕ್‌ನಲ್ಲೇ ಉಳಿಸಿಕೊಂಡ. ಆ ಭಾಷೆ ಬಾರದವರೂ ಪ್ರಾರ್ಥನೆಯಲ್ಲಿ 'ಅಬ್ಬಾ' ಅನ್ನುತ್ತಿದ್ದರು.