ಗಬ್ಬದ ದನಕ್ಕೆ ಹಿಂಡಿ ಕೊಟ್ಟರೆ ಕರು ದೊಡ್ಡದಾಗಿ ಸಿಕ್ಕಿಹಾಕಿಕೊಳ್ಳುತ್ತದೆಯೇ?

ಪ್ರಶ್ನೆ: ನಮ್ಮ ಜರ್ಸಿ ಮಿಶ್ರತಳಿ ದನಕ್ಕೆ ಏಳು ತಿಂಗಳು ತುಂಬಿತು, ಹಾಲು ಬತ್ತಿಸಿದ್ದೇವೆ. ಕರು ಹಾಕುವವರೆಗೆ ಹಿಂಡಿ ಬೇಡ, ಬೈಹುಲ್ಲು ಸಾಕು, ಇಲ್ಲದಿದ್ದರೆ ಕರು ದೊಡ್ಡದಾಗಿ ಹೆರಿಗೆ ಕಷ್ಟ ಅಂತಾರೆ. ಹೌದೇ?

ಉತ್ತರ: ಅಲ್ಲ. ಬೆಳ್ತಂಗಡಿಯಿಂದ ಬೈಂದೂರಿನವರೆಗೆ ಯಾವ ಹಾಲಿನ ಸೊಸೈಟಿಗೆ ಹೋದರೂ ಇದೇ ಪ್ರಶ್ನೆ. ಉತ್ತರ ಕೇಳಿ ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಹಿಂಡಿ ನಿಲ್ಲಿಸುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ದನದ ಗರ್ಭ ಸುಮಾರು 280 ದಿನ. ಆರು ತಿಂಗಳು ತುಂಬಿದಾಗ ಒಳಗಿನ ಕರು ಹೆಚ್ಚೆಂದರೆ ಏಳೆಂಟು ಕೆಜಿ. ಹುಟ್ಟುವಾಗ 22–25 ಕೆಜಿ. ಅಂದರೆ ಮೂರರಲ್ಲಿ ಎರಡು ಪಾಲು ಬೆಳವಣಿಗೆ ಕೊನೆಯ ಮೂರೇ ತಿಂಗಳಲ್ಲಿ. ನೀವು ಹಿಂಡಿ ನಿಲ್ಲಿಸುವುದು ಸರಿಯಾಗಿ ಅದೇ ಹೊತ್ತಿಗೆ! ಕರು ಬೆಳೆದಷ್ಟೂ ದನದ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆ. ಬೈಹುಲ್ಲಿನಲ್ಲಿರುವ ಪ್ರೋಟೀನು ನೂರಕ್ಕೆ ಮೂರು–ನಾಲ್ಕು ಪಾಲು ಮಾತ್ರ. ಮೇವು ಜೀರ್ಣ ಮಾಡುವ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಏಳಾದರೂ ಬೇಕು. ಹೊಟ್ಟೆ ತುಂಬಿರುತ್ತದೆ, ದನ ಉಪವಾಸವಿರುತ್ತದೆ.

ಹಾಗಾದರೆ ಕರು ಸಣ್ಣದಾಗುವುದಾದರೂ ಹೌದಲ್ಲವೇ? ಅದೂ ನೀವು ಅಂದುಕೊಂಡ ಹಾಗಲ್ಲ. ಮೇವು ಸಾಲದಿದ್ದರೆ ದನ ತನ್ನ ಮೈಯ ಕೊಬ್ಬು, ಮಾಂಸ ಕರಗಿಸಿ ಕರುವಿಗೆ ಕೊಡುತ್ತದೆ. ಕರುವಿನ ತೂಕ ಒಂದೆರಡು ಕೆಜಿ ಇಳಿಯಬಹುದು. ತಲೆ, ಹೆಗಲಿನ ಎಲುಬು ಅಷ್ಟೇ ಇರುತ್ತದೆ. ಇಳಿಯುವುದು ತಿಣುಕಿ ಕರುವನ್ನು ಹೊರಗೆ ತಳ್ಳುವ ತಾಯಿಯ ಶಕ್ತಿ. ಹೆರಿಗೆ ಎಳೆದಾಡುತ್ತದೆ, ಕರು ಏಳಲು ತಡವಾಗುತ್ತದೆ, ಗಿಣ್ಣಹಾಲು ಕಡಿಮೆ ಬರುತ್ತದೆ, ದನ ಮತ್ತೆ ಬೆದೆಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. ಆಷಾಢದ ಮಳೆಯಲ್ಲಿ ಹುಟ್ಟಿದ ಇಂಥ ಕರು ಹಟ್ಟಿಯ ಥಂಡಿಗೇ ಹೋಗಿಬಿಡಬಹುದು.

ಕರು ಸಿಕ್ಕಿಹಾಕಿಕೊಳ್ಳಲು ನಿಜವಾದ ಕಾರಣ ಬೇರೆ. ದೊಡ್ಡ ಮೈಯ ವಿದೇಶಿ ತಳಿ ಎಚ್‌ಎಫ್‌ನ (ಹೋಲ್‌ಸ್ಟೀನ್ ಫ್ರೀಸಿಯನ್) ಹಾಲಿನ ಆಸೆಗೆ ಮಲೆನಾಡು ಗಿಡ್ಡಕ್ಕೋ ಸಣ್ಣ ಕಡಸಿಗೋ ಎಚ್‌ಎಫ್ ಸೆಮೆನ್ ಹಾಕಿಸುತ್ತೀರಲ್ಲ, ಅಲ್ಲಿದೆ ಮೂಲ. ಮೈ ಬೆಳೆಯದ ಕಡಸಿನ ಸೊಂಟದ ದಾರಿಯೇ ಕಿರಿದು; ಮಿಶ್ರತಳಿ ಕಡಸು 250 ಕೆಜಿ ಆಗುವ ಮೊದಲು ಕಟ್ಟಿಸಬಾರದು. ಕರುವಿನ ಕಾಲು ಮಡಚಿರುವುದು, ಕುತ್ತಿಗೆ ತಿರುಗಿರುವುದು ಇನ್ನೊಂದು ಕಾರಣ. ಅದಕ್ಕೂ ಹಿಂಡಿಗೂ ಸಂಬಂಧವೇ ಇಲ್ಲ. ಒಂದು ಮಾತು ಮಾತ್ರ ಒಪ್ಪುತ್ತೇನೆ: ಅತಿಯಾಗಿ ಕೊಬ್ಬಿದ ದನಕ್ಕೆ ದಾರಿಯಲ್ಲೇ ಕೊಬ್ಬು ತುಂಬಿ ಹೆರಿಗೆ ಕಷ್ಟ. ಬಾಲದ ಬುಡ ಒತ್ತಿ ನೋಡಿ. ಮೆತ್ತಗೆ ಗಡ್ಡೆ ಗಡ್ಡೆಯಾಗಿ ಸಿಕ್ಕಿದರೆ ಹಿಂಡಿ ಹೆಚ್ಚಾಗಿದೆ. ಪಕ್ಕೆಲುಬೆಲ್ಲ ದೂರದಿಂದಲೇ ಎಣಿಸಲು ಬಂದರೆ ಕಡಿಮೆಯಾಗಿದೆ. ನಮ್ಮ ಕಡೆ ಎರಡನೆಯದೇ ಜಾಸ್ತಿ.

ಲೆಕ್ಕ ಇಷ್ಟು. 350 ಕೆಜಿ ಆಸುಪಾಸಿನ ದನಕ್ಕೆ ದಿನಕ್ಕೆ 20 ಕೆಜಿ ಹಸಿಹುಲ್ಲು, 4–5 ಕೆಜಿ ಬೈಹುಲ್ಲು, 2 ಕೆಜಿ ಹಿಂಡಿ (ಪಶು ಆಹಾರ), ಎರಡು ಹೊತ್ತಿಗೆ ಹಂಚಿ. ಕೊನೆಯ ಎರಡು–ಮೂರು ವಾರದಲ್ಲಿ ಅದನ್ನು ನಿಧಾನಕ್ಕೆ 3 ಕೆಜಿಗೆ ಏರಿಸಿ, ಒಂದೇ ದಿನದಲ್ಲಲ್ಲ. 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು. ಗಿಡ್ಡಕ್ಕೆ ಇದರ ಅರ್ಧಕ್ಕಿಂತ ಕಡಿಮೆ ಸಾಕು. ಮಳೆಗಾಲದಲ್ಲಿ ತೆಂಗಿನ ಹಿಂಡಿಯ ಚೀಲ ನೆಲಕ್ಕೆ ತಾಗಿಸಿ ಇಡಬೇಡಿ. ಬೂಷ್ಟು ಬಂದ ಹಿಂಡಿ, ಬೈಹುಲ್ಲಿನಿಂದ ಗಬ್ಬವೇ ಇಳಿದುಹೋದೀತು. ಬ್ರಹ್ಮಕಲಶೋತ್ಸವದಲ್ಲಿ ಉಳಿದ ಅನ್ನ, ಹಲಸಿನ ಸೀಸನ್ನಿನ ರಚ್ಚೆ ಬುಟ್ಟಿಗಟ್ಟಲೆ ಸುರಿಯುವುದೂ ಬೇಡ. ಹೊಟ್ಟೆ ಹುಳಿಯಾಗಿ ದನ ಮಲಗುತ್ತದೆ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹಿಂಡಿಗೆ ಹೆದರುವ ಅದೇ ಮನೆಯಲ್ಲಿ, ಕರು ಗಟ್ಟಿಯಾಗಲಿ ಎಂದು ಕೊನೆಯ ತಿಂಗಳು ಕ್ಯಾಲ್ಸಿಯಂ ಬಾಟಲಿಗಳು ಖಾಲಿಯಾಗುತ್ತಿರುತ್ತವೆ. ಇದು ತಲೆಕೆಳಗು. ಹೊರಗಿನಿಂದ ಧಾರಾಳವಾಗಿ ಸಿಗುತ್ತಿದ್ದರೆ ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವ ಮೈಯ ವ್ಯವಸ್ಥೆ ಮಂಕಾಗುತ್ತದೆ. ಕರು ಹಾಕಿ ಕೆಚ್ಚಲಿಗೆ ಹಾಲು ಇಳಿದೊಡನೆ ರಕ್ತದ ಕ್ಯಾಲ್ಸಿಯಂ ಕುಸಿದು ಹಾಲುಜ್ವರ. ಹೆಸರಿಗೆ ಜ್ವರ, ಆದರೆ ಮೈ ತಣ್ಣಗಿರುತ್ತದೆ. ಖನಿಜ ಮಿಶ್ರಣ ಮುಂದುವರಿಸಿ. ಬಾಟಲಿಯನ್ನು ಕೊನೆಯ ಮೂರು ವಾರ ಮುಟ್ಟಬೇಡಿ, ಕರು ಹಾಕಿದ ಮೇಲೆ ಕೊಡಿ. ಕರು ಹಾಕಿದ ಮೂರು ದಿನದೊಳಗೆ ಕಿವಿ ತಣ್ಣಗಾಗಿ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿದ ದನದ ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿಯಿಲ್ಲದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡೂ ಬದಿಗೆ ಹುಲ್ಲು ತುಂಬಿದ ಗೋಣಿ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ, ತಕ್ಷಣ ಡಾಕ್ಟರಿಗೋ ಪಶು ಸಹಾಯವಾಣಿ 1962ಕ್ಕೋ ಫೋನ್ ಮಾಡಿ.