ಕೊನೆಯ ಪದ ಕತ್ತಲೆ

ಪ್ರತಿ ವರ್ಷ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಒಬ್ಬಿಬ್ಬರು ಯುವಕ ಯುವತಿಯರು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ಕ್ರೈಸ್ತ ಸಭೆಯ ಸೇವೆಗೆ ಸಜ್ಜುಗೊಳಿಸುವ ಪದವಿ) ಓದಿಗೆ ಸೇರುವ ಆಸೆಯಿಂದ, ಸಭಾಪಾಲಕನಾದ ನನ್ನ ಬಳಿ ಬರುತ್ತಾರೆ. “ಅಯ್ಯನವರೇ, ಹಳ್ಳಿಯ ಸಭೆಯಲ್ಲಿ ಸೇವೆ ಮಾಡುವವರಿಗೆ ಬೈಬಲ್‌ನ ಮೂಲಭಾಷೆಗಳಾದ ಹೀಬ್ರೂ, ಗ್ರೀಕ್ ಏತಕ್ಕೆ?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ.

ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, 1910ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಇವೆರಡರ ಬಿ.ಡಿ.ಯೂ ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಪದವಿಯೇ; ಪದವಿ ನೀಡುವ ಅಧಿಕಾರ ಆ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದಿನಿಂದ ದೊರೆತದ್ದು. ಪದವೀಧರರಿಗೆ ಸಾಮಾನ್ಯವಾಗಿ ನಾಲ್ಕು ವರ್ಷಗಳ ಓದು. ಪ್ರಸಂಗ (ಆರಾಧನೆಯಲ್ಲಿ ಮಾಡುವ ಉಪದೇಶ), ಸಭಾಚರಿತ್ರೆ, ಅನ್ಯಧರ್ಮಗಳ ಅಧ್ಯಯನ, ಆಪ್ತಸಮಾಲೋಚನೆ ಎಲ್ಲವೂ ಅದರಲ್ಲಿ ಸೇರಿರುತ್ತವೆ.

ಭಾಷೆಯ ವಿಷಯಕ್ಕೆ ಬೈಬಲ್‌ನ ಕೀರ್ತನೆ 88ನ್ನೇ ನೋಡೋಣ. ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಯತ್ತ ತಿರುಗುತ್ತವೆ, ಇದು ತಿರುಗುವುದಿಲ್ಲ. ಹೀಬ್ರೂವಿನಲ್ಲಿ ಇದರ ಕಟ್ಟಕಡೆಯ ಪದ ‘ಮಹ್‌ಶಾಖ್’, ಅಂದರೆ ಕತ್ತಲೆ. ಆ ಸಾಲನ್ನು ಪರಿಚಿತರು ಕತ್ತಲಲ್ಲಿ ಮರೆಯಾದರೆಂದೂ, ಕತ್ತಲೆಯೊಂದೇ ಪರಿಚಿತನಾಗಿ ಉಳಿಯಿತೆಂದೂ ಓದಬಹುದು. ತರಗತಿಯಲ್ಲಿ ಈ ಒಂದು ಸಾಲಿಗೆ ಇಡೀ ಬೆಳಿಗ್ಗೆ ಕಳೆದಾಗ ನನಗೂ ಬೇಸರವಾಗಿತ್ತು.

ವರ್ಷಗಳ ನಂತರ, ಆಗಸ್ಟ್ ತಿಂಗಳ ಜಡಿಮಳೆಯಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಮರ ಹತ್ತಿ ಜಾರಿ ಬಿದ್ದು ತೀರಿಕೊಂಡ ಒಬ್ಬರ ಮನೆಗೆ ಹೋದೆ. ಜಗಲಿಯ ಮೂಲೆಯಲ್ಲಿ ಅವರ ದೋಟಿ ಇನ್ನೂ ಒರಗಿತ್ತು. ಬಂದವರೆಲ್ಲ ದೇವರ ಚಿತ್ತವೆಂದು ಸಮಾಧಾನ ಹೇಳುತ್ತಿದ್ದರು. ಅವರ ಹೆಂಡತಿ ತಲೆ ಎತ್ತಲಿಲ್ಲ. ನಾನು ಏನೂ ವಿವರಿಸದೆ ಆ ಕೀರ್ತನೆಯನ್ನು ಕೊನೆಯ ಪದದವರೆಗೆ ಓದಿ ನಿಲ್ಲಿಸಿದೆ. “ಇದೂ ಬೈಬಲ್‌ನಲ್ಲೇ ಇದೆಯಾ, ಅಯ್ಯನವರೇ?” ಎಂದು ಕೇಳಿದ ಆಕೆ ಇನ್ನೊಮ್ಮೆ ಓದಿಸಿದರು. ಸಾಂತ್ವನದ ಒಂದು ವಾಕ್ಯವನ್ನೂ ಜೋಡಿಸದೆ ನಿಲ್ಲಿಸುವ ಧೈರ್ಯ ನನಗೆ ಬಂದದ್ದು ಆ ತರಗತಿಯಿಂದ.

ಆದರೂ ಶಿಫಾರಸು ಪತ್ರ ಕೇಳಿ ಬರುವವರನ್ನು ನಾನು ಮೊದಲು ವ್ಯಾಕರಣಕ್ಕೆ ಕೂರಿಸುವುದಿಲ್ಲ. ಒಂದು ಮಳೆಗಾಲ ಪೂರ್ತಿ ನನ್ನೊಡನೆ ಮನೆ ಭೇಟಿಗೆ ಬಂದು, ಮಾತಾಡದೆ ಕುಳಿತು ಕೇಳಿರೆಂದು ಹೇಳುತ್ತೇನೆ. ಪತ್ರಕ್ಕೆ ಸಹಿ ಹಾಕುವುದು ಅದಾದ ಮೇಲೆ.