ಕನ್‌ಸ್ಟ್ರಕ್ಟಿವ್ ಡಿಸ್ಮಿಸಲ್: ರಾಜೀನಾಮೆ ನಿಮ್ಮದು, ಕಾರಣ ಮಾಲೀಕರದು

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ ಅಂತ ಇಟ್ಟುಕೊಳ್ಳಿ. ವರ್ಷಗಟ್ಟಲೆ ಕಟಿಂಗ್ ಮಾಡಿದವರನ್ನು ದಿಢೀರನೆ ವಾಷಿಂಗ್‌ಗೆ ಹಾಕುತ್ತಾರೆ. ಪಗಾರ ಇಳಿಸುತ್ತಾರೆ. ಯಾಕ್ರೀ ಅಂತ ಕೇಳಿದರೆ "ಇದ್ರೆ ಇರು, ಇಲ್ಲಾಂದ್ರೆ ಬಿಡು" ಅನ್ನುತ್ತಾರೆ. ಕೆಲಸದಿಂದ ತೆಗೆದಿದ್ದೇವೆ ಅಂತ ಯಾರೂ ಹೇಳುವುದಿಲ್ಲ, ಆದರೆ ದಿನಾ ಎಲ್ಲರೆದುರು ಬೈಗುಳ, ಸಂಬಳ ತಡ, ಹೀಗೆ ಸಾಕಾಗಿಸಿ ಸಾಕಾಗಿಸಿ ಕೊನೆಗೆ ಆ ಮನುಷ್ಯನೇ ರಾಜೀನಾಮೆ ಬರೆದುಕೊಡುವ ಹಾಗೆ ಮಾಡುತ್ತಾರೆ. ಬಿಲಕ್ಕೆ ಹೊಗೆ ಹಾಕಿ, ಇಲಿ ತಾನಾಗೇ ಹೊರಗೆ ಬಂತು ಅಂದ ಹಾಗೆ.

ಇದೇ ಕನ್‌ಸ್ಟ್ರಕ್ಟಿವ್ ಡಿಸ್ಮಿಸಲ್. ಕಾಗದದಲ್ಲಿ ರಾಜೀನಾಮೆ, ಕಾನೂನಿನ ಲೆಕ್ಕದಲ್ಲಿ ಮಾಲೀಕರೇ ತೆಗೆದುಹಾಕಿದ್ದು.

ಬ್ರಿಟನ್‌ನಲ್ಲಿ ಇದು 1996ರ ಉದ್ಯೋಗ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಆದರೆ ಬೇಸರವಾಗಿ ಬಿಟ್ಟಿದ್ದೆಲ್ಲ ಇದರಲ್ಲಿ ಬರುವುದಿಲ್ಲ. ಅಲ್ಲಿ 1977ರಲ್ಲಿ ತೀರ್ಪಾದ ಶಾರ್ಪ್ ಎಂಬವರ ಕೇಸು ನೋಡಿ. ಇಸ್ಪೀಟ್ ಆಡಲು ಕೆಲಸ ಬಿಟ್ಟು ಹೋಗಿದ್ದಕ್ಕೆ ಸಂಬಳವಿಲ್ಲದೆ ಸಸ್ಪೆಂಡ್ ಆದರು, ಕೈಯಲ್ಲಿ ಕಾಸಿಲ್ಲದೆ ರಜೆಯ ದುಡ್ಡನ್ನು ಮುಂಗಡ ಕೇಳಿದರು, ಕಂಪನಿ ಕೊಡಲಿಲ್ಲ, ರಾಜೀನಾಮೆ ಕೊಟ್ಟರು. ಕೋರ್ಟು ಒಪ್ಪಲಿಲ್ಲ. ಮುಂಗಡ ಕೊಡಲೇಬೇಕು ಅಂತ ಕರಾರಿನಲ್ಲಿ ಇರಲಿಲ್ಲವಲ್ಲ. ಮಾಲೀಕರು ಕರಾರಿನ ಮುಖ್ಯ ಮಾತನ್ನೇ ಮುರಿದಿರಬೇಕು.

ಸಂಬಳ, ಕೆಲಸದ ಹೊತ್ತು ಇವು ಬರೆದಿಟ್ಟ ಮಾತುಗಳು. ಬರೆಯದೆಯೂ ಇರುವ ಒಂದು ಮಾತಿದೆ, ಅದು ನಂಬಿಕೆ. ಬಿಸಿಸಿಐ ಅನ್ನುವ ಬ್ಯಾಂಕು (ಕ್ರಿಕೆಟ್ ಮಂಡಳಿ ಅಲ್ಲ) ಮೋಸದ ವ್ಯವಹಾರದಿಂದ 1991ರಲ್ಲಿ ಮುಳುಗಿತು. ಆ ಬ್ಯಾಂಕಿನ ಹೆಸರು ಅಂಟಿಕೊಂಡಿದ್ದರಿಂದ ಬೇರೆ ಕಡೆ ಕೆಲಸ ಸಿಗುತ್ತಿಲ್ಲ ಅಂತ ಇಬ್ಬರು ನೌಕರರು ಕೋರ್ಟಿಗೆ ಹೋದರು. 1997ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಬ್ರಿಟನ್‌ನ ಅತಿ ಮೇಲಿನ ಕೋರ್ಟು) ಹೇಳಿದ್ದಿಷ್ಟು: ಸರಿಯಾದ ಕಾರಣವಿಲ್ಲದೆ ನೌಕರರ ನಂಬಿಕೆ ಹಾಳಾಗುವಂತೆ ಮಾಲೀಕರು ನಡೆದುಕೊಳ್ಳಬಾರದು, ಇದು ಪ್ರತಿ ಉದ್ಯೋಗ ಕರಾರಿನ ಒಳಗೇ ಇದೆ. ನನಗೆ ಇದೇ ಇಡೀ ವಿಷಯದ ಜೀವಾಳ ಅನ್ನಿಸುತ್ತದೆ, ಯಾಕಂದ್ರೆ ನಮ್ಮ ಗಂಗಾವತಿ, ಕಾರಟಗಿ ಕಡೆಯ ರೈಸ್‌ಮಿಲ್‌ಗಳಲ್ಲಿ ಎಷ್ಟೋ ಜನ ಬರೀ ಬಾಯಿಮಾತಿನ ಮೇಲೆ ದುಡಿಯುತ್ತಾರೆ, ಅಲ್ಲಿ ನಂಬಿಕೆ ಬಿಟ್ಟರೆ ಬೇರೆ ಕರಾರು ಎಲ್ಲಿದೆ?

ನಮ್ಮ ಕಾನೂನಿನಲ್ಲಿ ಈ ಹೆಸರಿನ ಕಲಮು ಇಲ್ಲ. ಆದರೂ ಬಲವಂತದಿಂದ ಬರೆಸಿಕೊಂಡ ರಾಜೀನಾಮೆ ನಿಜವಾದ ರಾಜೀನಾಮೆ ಅಲ್ಲ ಅಂತ ವಾದಿಸಬಹುದು. ಬಲವಂತವಿತ್ತು ಅಂತ ತೋರಿಸುವ ಹೊರೆ ಮಾತ್ರ ನೌಕರನ ಮೇಲೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಹಳೇ ಕಾಯ್ದೆಯಲ್ಲಿದ್ದಂತೆಯೇ, ಕಾರ್ಮಿಕರ ಸಂಬಳ ಅಥವಾ ಕೆಲಸದ ಹೊತ್ತು ಬದಲಿಸಲು ಸಾಮಾನ್ಯವಾಗಿ 21 ದಿನ ಮೊದಲೇ ನೋಟಿಸ್ ಕೊಡಬೇಕು. ಸೇಡಿಗಾಗಿ ವರ್ಗಾವಣೆ ಮಾಡುವುದೂ ತಪ್ಪು. ಮ್ಯಾನೇಜರ್‌ಗಳಿಗೆ ಇದು ಅನ್ವಯಿಸದು.

ಹಾಗಾಗಿ ಸಿಟ್ಟಿನಲ್ಲಿ "ಸ್ವಂತ ಕಾರಣದಿಂದ ಬಿಡುತ್ತಿದ್ದೇನೆ" ಅಂತ ಸುಮ್ನೆ ಬರೆದುಕೊಡಬೇಡಿ. ಖಾಲಿ ಹಾಳೆಗೆ ಸಹಿಯಂತೂ ಬೇಡವೇ ಬೇಡ. ಏನು ಬದಲಾಯಿತು, ಯಾವತ್ತಿನಿಂದ, ನಿಮಗೆ ಒಪ್ಪಿಗೆ ಇಲ್ಲ ಅಂತ ಮೊದಲು ಬರೆದು ಕೊಡಿ, ವಾಟ್ಸಾಪ್‌ನಲ್ಲಾದರೂ ಸರಿ. ತಿಂಗಳುಗಟ್ಟಲೆ ಸುಮ್ಮನಿದ್ದರೆ ಒಪ್ಪಿಕೊಂಡಿದ್ದೀರಿ ಅಂತಲೇ ಎದುರಿನವರು ವಾದಿಸುತ್ತಾರೆ. ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿಗೆ ದೂರು ಕೊಟ್ಟರೆ, ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ.